ಎರಡು ಎಕ್ಕ ಬಂದ ರಾತ್ರಿ

"ಸಾರ್, ಎರಡು ಎಕ್ಕ ಇತ್ತು ಸಾರ್. ಆದ್ರೂ ಹೋಯ್ತು!"

ರಾತ್ರಿ ಬುಲೆಟಿನ್ ಮುಗಿಸಿ, ಮೈಕ್ ಬಿಚ್ಚಿಟ್ಟು ಹೊರಟವನಿಗೆ ಎಡಿಟಿಂಗ್ ರೂಮಿನ ಬಾಗಿಲಲ್ಲಿ ಕೇಳಿಸಿದ ಮಾತಿದು. ಹೇಳಿದವನು ನಮ್ಮ ವಿಡಿಯೋ ಎಡಿಟರ್. ಇಪ್ಪತ್ತೈದು ದಾಟದ ಹುಡುಗ. ಕೈಯಲ್ಲಿ ಮೊಬೈಲ್, ಮೊಬೈಲ್‌ನಲ್ಲಿ ಪೋಕರ್ ಟೇಬಲ್. ದುಡ್ಡಿಟ್ಟು ಆಡುವ ಆ್ಯಪ್‌ಗಳು ನಮ್ಮ ದೇಶದಲ್ಲಿ ರಾಜಾರೋಷವಾಗಿ ನಡೀತಿದ್ದ ಕಾಲ ಅದು. ಒಂದು ರೂಪಾಯಿ, ಎರಡು ರೂಪಾಯಿಯಿಂದ ಪಣ ಶುರುವಾಗುವ ಟೇಬಲ್. "ಚಿಕ್ಕ ಆಟ ಸಾರ್" ಅನ್ನೋದು ಅವನ ಸಮಾಧಾನ. ಆ ಚಿಕ್ಕ ಆಟದಲ್ಲಿ ಒಂದೇ ಏಟಿಗೆ ಇನ್ನೂರು ರೂಪಾಯಿ ಹೋಗಿತ್ತು. ಇಲ್ಲಿವರೆಗೆ ಒಟ್ಟು ಎಷ್ಟು ಹೋಗಿದೆ ಅಂತ ಕೇಳಿದೆ. ಅವನು ಮಾತು ಬದಲಿಸಿದ.

"ಎಲ್ಲಕ್ಕಿಂತ ದೊಡ್ಡ ಎಲೆ ನನ್ನ ಹತ್ರಾನೇ ಇತ್ತಲ್ಲ ಸಾರ್, ಮತ್ತೆ ಸೋತಿದ್ದು ಹೇಗೆ?"

ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಯ್ತು, ಇದಕ್ಕೆ ಉತ್ತರ ಇರೋದು ಆ ರಾತ್ರಿಯ ಟೇಬಲ್‌ನಲ್ಲಲ್ಲ, ಈ ಆಟದ ಇತಿಹಾಸದಲ್ಲಿ. ಅಷ್ಟೇ ಅಲ್ಲ, ಆ ಇತಿಹಾಸದಲ್ಲಿ ನನಗೆ ಅನ್ನ ಕೊಡುವ ಟೆಲಿವಿಷನ್ನಿನ ಪಾಲೂ ಇದೆ. ಅದಕ್ಕೇ ಇವತ್ತು ಈ ವಿಷಯ ಮಾತಾಡಲೇಬೇಕು.

ಮೊದಲು ಆಟ ಏನು ಅಂತ ಅರ್ಥ ಮಾಡಿಕೊಳ್ಳೋಣ. ಆ್ಯಪ್‌ಗಳಲ್ಲಿ ಹೆಚ್ಚಾಗಿ ನಡೆಯುವ ಪೋಕರ್‌ನ ಪೂರ್ತಿ ಹೆಸರು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬನಿಗೂ ಎರಡೆರಡು ಎಲೆ, ಬೇರೆ ಯಾರಿಗೂ ಕಾಣದ ಹಾಗೆ. ಆಮೇಲೆ ಟೇಬಲ್ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತವೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಕೈಯಲ್ಲಿರುವ ಎರಡು, ನಡುವೆ ಇರುವ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಪಣ ಏರುತ್ತೆ. ಬೇಡ ಅನ್ನಿಸಿದವನು ಎಲೆ ಎಸೆದು ಹೊರಗೆ ಬರಬಹುದು. ನಮ್ಮ ಮೂರೆಲೆ ಆಟದವರು ಇದನ್ನ ಪ್ಯಾಕ್ ಅಂತಾರೆ, ಪೋಕರ್‌ನವರು ಫೋಲ್ಡ್ ಅಂತಾರೆ. ಈ ಫೋಲ್ಡ್ ಅನ್ನುವ ಮಾತನ್ನ ನೆನಪಲ್ಲಿಟ್ಟುಕೊಳ್ಳಿ. ಇವತ್ತಿನ ಇಡೀ ಕಥೆ ಇರೋದೇ ಅದರ ಮೇಲೆ.

ಆಟ ಹುಟ್ಟಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ರಾಬ್ಸ್‌ಟೌನ್ ಅನ್ನುವ ಸಣ್ಣ ಊರೇ ಇದರ ತವರು ಅಂತ 2007ರಲ್ಲಿ ಟೆಕ್ಸಾಸ್ ಶಾಸನಸಭೆಯೇ ಗೊತ್ತುವಳಿ ಮಾಡಿ ಒಪ್ಪಿಕೊಂಡಿದೆ. ಅಲ್ಲಿಂದ 1960ರ ದಶಕದಲ್ಲಿ ಲಾಸ್ ವೇಗಸ್‌ಗೆ ಬಂತು. 1970ರಲ್ಲಿ ಬೆನ್ನಿ ಬಿನಿಯನ್ ಅನ್ನುವ ಕ್ಯಾಸಿನೋ ಮಾಲೀಕ ತನ್ನ ಹಾರ್ಸ್‌ಶೂ ಕ್ಯಾಸಿನೋದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರು ಮಾಡಿದ. ಪೋಕರ್ ಲೋಕಕ್ಕೆ ಇವತ್ತಿಗೂ ಅದೇ ವಿಶ್ವಕಪ್.

ಈಗ 1976ಕ್ಕೆ ಬನ್ನಿ. ಆ ಒಂದೇ ವರ್ಷದಲ್ಲಿ ಎರಡು ಘಟನೆ ನಡೆದವು.

ಮೊದಲನೆಯದು ಒಂದು ಪುಸ್ತಕ. ಡೇವಿಡ್ ಸ್ಕ್ಲಾನ್‌ಸ್ಕಿ ಅನ್ನುವ ಲೆಕ್ಕಾಚಾರದ ಆಟಗಾರ 'ಹೋಲ್ಡೆಮ್ ಪೋಕರ್' ಅಂತ ಒಂದು ಪುಟ್ಟ ಪುಸ್ತಕ ಬರೆದ. ಅದರ ತಿರುಳು ಇಷ್ಟೇ: ಮೊದಲ ಎರಡು ಎಲೆ ನೋಡಿದಾಗಲೇ ಅರ್ಧ ಆಟ ಮುಗಿದಿರುತ್ತೆ. 52 ಎಲೆಗಳಲ್ಲಿ ಎರಡೆರಡು ಎಲೆಯ ಜೋಡಿಗಳು 1,326 ಆಗುತ್ತವೆ. ಯಾವ ಗುರುತು ಅನ್ನೋದನ್ನ ಬಿಟ್ಟು, ಎಲೆಗಳ ಬೆಲೆ ಮತ್ತು ಎರಡೂ ಒಂದೇ ಗುರುತಿನವೋ ಅಲ್ಲವೋ ಅನ್ನೋದನ್ನ ಮಾತ್ರ ನೋಡಿದರೆ 169 ಬಗೆ. ಇವುಗಳಲ್ಲಿ ಆಡುವಂಥವು ಯಾವುವು, ಎಸೆಯುವಂಥವು ಯಾವುವು ಅಂತ ಅವನು ಗುಂಪು ಗುಂಪಾಗಿ ವಿಂಗಡಿಸಿಟ್ಟ. ಮೊದಲ ಗುಂಪಿನಲ್ಲಿ ಇರೋದು ಐದೇ ಐದು: ಎರಡು ಎಕ್ಕ, ಎರಡು ರಾಜ, ಎರಡು ರಾಣಿ, ಎರಡು ಗುಲಾಮ, ಮತ್ತೆ ಒಂದೇ ಗುರುತಿನ ಎಕ್ಕ–ರಾಜ.

ಈ ಐದರಲ್ಲಿ ಯಾವುದಾದರೂ ಒಂದು ನಿಮ್ಮ ಕೈಗೆ ಬರೋದು ಎಷ್ಟು ಆಟಕ್ಕೊಮ್ಮೆ ಗೊತ್ತಾ? ಸರಾಸರಿ 47 ಆಟಕ್ಕೊಮ್ಮೆ. ಎರಡು ಎಕ್ಕ ಬೇಕು ಅಂದ್ರೆ 221 ಆಟಕ್ಕೊಮ್ಮೆ. ಕ್ಯಾಸಿನೋದಲ್ಲಿ ಎದುರುಬದುರು ಕೂತು ಆಡಿದರೆ ಗಂಟೆಗೆ ಸುಮಾರು 30 ಆಟ ಆಗುತ್ತೆ. ಅಂದ್ರೆ ಎರಡು ಎಕ್ಕ ನೋಡೋಕೆ ಏಳು ಗಂಟೆ ಕಾಯಬೇಕು. ಆ ಏಳು ಗಂಟೆ ಏನು ಮಾಡಬೇಕು? ಹೆಚ್ಚಿನ ಹೊತ್ತು ಎಲೆ ಎಸೆಯುತ್ತಾ ಸುಮ್ಮನೆ ಕೂರಬೇಕು. ಕಲಿತವರು ಹೇಳೋದು ಅದನ್ನೇ.

ಎರಡನೆಯ ಘಟನೆ ಒಂದು ಆಟ. ಅದೇ 1976ರ ವರ್ಲ್ಡ್ ಸೀರೀಸ್ ಫೈನಲ್. ಡಾಯ್ಲ್ ಬ್ರನ್ಸನ್ ಅನ್ನುವ ಟೆಕ್ಸಾಸ್‌ನ ಹಳೆಯ ಹುಲಿ ಒಂದು ಕಡೆ. ಅವನ ಕೈಯಲ್ಲಿ ಹತ್ತು ಮತ್ತು ಎರಡು. ಎಸೆಯಬೇಕಾದ ಎಲೆ! ಎದುರಾಳಿಯ ಕೈಯಲ್ಲಿ ಎಕ್ಕ ಮತ್ತು ಗುಲಾಮ. ನಡುವಿನ ಮೂರು ಎಲೆ ತೆರೆದಾಗ ಎದುರಾಳಿಗೆ ಎಕ್ಕದ ಜೋಡಿಯೂ ಆಯ್ತು, ಗುಲಾಮನ ಜೋಡಿಯೂ ಆಯ್ತು. ಬ್ರನ್ಸನ್‌ಗೆ ಬರೀ ಹತ್ತರ ಜೋಡಿ. ಆಮೇಲೆ ಬಂದದ್ದು ಒಂದು ಎರಡು, ಕೊನೆಗೆ ಇನ್ನೊಂದು ಹತ್ತು. ಮೂರು ಹತ್ತು, ಎರಡು ಎರಡು. ಬ್ರನ್ಸನ್ ಗೆದ್ದ. ಮರುವರ್ಷ 1977ರಲ್ಲೂ ಅವನೇ ಚಾಂಪಿಯನ್. ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದದ್ದು ಮತ್ತೆ ಹತ್ತು ಮತ್ತು ಎರಡು!

ಈಗ ನೀವೇ ಹೇಳಿ, ಜನ ನೆನಪಿಟ್ಟುಕೊಂಡದ್ದು ಯಾವುದನ್ನ? ಪುಸ್ತಕದ ಪಟ್ಟಿಯನ್ನೋ, ಹತ್ತು–ಎರಡನ್ನೋ? ಇವತ್ತಿಗೂ ಆ ಜೋಡಿಗೆ ಡಾಯ್ಲ್ ಬ್ರನ್ಸನ್ ಅಂತಲೇ ಹೆಸರು. ತಾಳ್ಮೆಯ ಹೆಸರಲ್ಲಿ ಯಾವ ಎಲೆಯೂ ಇಲ್ಲ.

ಹಾಗಂತ ಆಗ ಇದು ಮನೆಮನೆಯ ಆಟ ಆಗಿರಲಿಲ್ಲ. ಕಾರಣ ಸರಳ. ಪೋಕರ್ ನೋಡೋಕೆ ಬೋರು. ಎಲೆ ಮುಚ್ಚಿಟ್ಟುಕೊಂಡು ಕೂತ ಒಂಬತ್ತು ಜನರನ್ನ ಟಿವಿಯಲ್ಲಿ ಯಾರು ನೋಡ್ತಾರೆ? ಇಲ್ಲಿಗೆ ಬಂದದ್ದು ಹೆನ್ರಿ ಓರೆನ್‌ಸ್ಟೈನ್ ಅನ್ನುವ ಮನುಷ್ಯ. ಪೋಲೆಂಡ್‌ನಲ್ಲಿ ಹುಟ್ಟಿ, ಹಿಟ್ಲರನ ಶಿಬಿರಗಳಿಂದ ಬದುಕಿ ಬಂದು, ಅಮೆರಿಕದಲ್ಲಿ ಆಟಿಕೆ ಉದ್ಯಮಿಯಾದವನು. ಆಟಗಾರನ ಮುಚ್ಚಿದ ಎಲೆಯನ್ನ ವೀಕ್ಷಕರಿಗೆ ಮಾತ್ರ ತೋರಿಸುವ ಕ್ಯಾಮೆರಾ ಟೇಬಲ್‌ಗೆ ಅವನು 1995ರಲ್ಲಿ ಪೇಟೆಂಟ್ ಪಡೆದ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4ರ 'ಲೇಟ್ ನೈಟ್ ಪೋಕರ್' ಕಾರ್ಯಕ್ರಮದಲ್ಲಿ ಟೇಬಲ್ ಅಡಿಯ ಕ್ಯಾಮೆರಾ ಬಂತು. ಆಮೇಲೆ ಅಮೆರಿಕದ ಚಾನೆಲ್‌ಗಳಿಗೂ ಹಬ್ಬಿತು. ವೀಕ್ಷಕನಿಗೆ ಇದ್ದಕ್ಕಿದ್ದಂತೆ ಎಲ್ಲರ ಎಲೆಯೂ ಕಾಣತೊಡಗಿತು. ಆಡುವವನಿಗಿಂತ ನೋಡುವವನೇ ಬುದ್ಧಿವಂತ ಅನ್ನಿಸತೊಡಗಿತು. ಸೋಫಾ ಮೇಲೆ ಕೂತವನು "ಅಯ್ಯೋ, ಬಿಟ್ಟುಬಿಡೋ ಮಾರಾಯ" ಅಂತ ಕೂಗುವ ಹಾಗಾಯ್ತು.

ಇದೇ ಹೊತ್ತಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. 1998ರಲ್ಲಿ ಪ್ಲಾನೆಟ್ ಪೋಕರ್ ಅನ್ನುವ ತಾಣ ಇಂಟರ್ನೆಟ್‌ನಲ್ಲಿ ನಿಜವಾದ ದುಡ್ಡಿನ ಆಟ ಶುರು ಮಾಡಿತು. ಫೋನ್ ತಂತಿಯ ಇಂಟರ್ನೆಟ್ ಕಾಲ ಅದು. ನಂತರ ಪಾರ್ಟಿಪೋಕರ್, ಪೋಕರ್‌ಸ್ಟಾರ್ಸ್ ಬಂದವು. ಕ್ಯಾಸಿನೋ ಮಾಲೀಕ ಚಿಲ್ಲರೆ ದುಡ್ಡಿನ ಆಟಕ್ಕೆ ಟೇಬಲ್ ಕೊಡೋದಿಲ್ಲ. ಕುರ್ಚಿ, ದೀಪ, ಎಲೆ ಹಂಚುವವನ ಸಂಬಳ, ಯಾವುದೂ ಗಿಟ್ಟೋದಿಲ್ಲ. ಕಂಪ್ಯೂಟರ್‌ಗೆ ಅದ್ಯಾವ ಖರ್ಚೂ ಇಲ್ಲ. ಅಲ್ಲಿ ಒಂದು ಸೆಂಟ್, ಎರಡು ಸೆಂಟಿನ ಟೇಬಲ್ ಕೂಡ ನಡೆಯುತ್ತೆ. ಚಿಕ್ಕ ಪಣದ ಆಟ ಹುಟ್ಟಿದ್ದು ಹೀಗೆ. ನಮ್ಮ ಹುಡುಗನ ಒಂದು–ಎರಡು ರೂಪಾಯಿ ಟೇಬಲ್‌ಗೆ ಅಡಿಪಾಯ ಬಿದ್ದದ್ದು ಅಲ್ಲಿ.

ಎರಡೂ ಬಾಗಿಲು ಒಂದಾದದ್ದು 2003ರಲ್ಲಿ. ಟೆನೆಸಿ ರಾಜ್ಯದ ಕ್ರಿಸ್ ಮನಿಮೇಕರ್ ಅನ್ನುವ 27 ವರ್ಷದ ಅಕೌಂಟೆಂಟ್. ಹೆಸರು ನಿಜವಾದದ್ದೇ, ಮನಿಮೇಕರ್! ಅವನು ಇಂಟರ್ನೆಟ್‌ನಲ್ಲಿ 86 ಡಾಲರ್ ಕಟ್ಟಿ ಅರ್ಹತಾ ಟೂರ್ನಿ ಆಡಿದ. ಅಲ್ಲಿಂದ 10,000 ಡಾಲರ್ ಪ್ರವೇಶಧನದ ವರ್ಲ್ಡ್ ಸೀರೀಸ್‌ಗೆ ಹೋದ. 839 ಜನರಲ್ಲಿ ಕೊನೆಗೆ ಉಳಿದವನು ಅವನೇ. ಗೆದ್ದದ್ದು 25 ಲಕ್ಷ ಡಾಲರ್. ಕೊನೆಯ ಆಟದಲ್ಲಿ ಅವನ ಕೈಯಲ್ಲಿ ಏನಿತ್ತು? ಐದು ಮತ್ತು ನಾಲ್ಕು. ಎದುರಿಗಿದ್ದ ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ ಕೈಯಲ್ಲಿ ಗುಲಾಮ ಮತ್ತು ಹತ್ತು. ಮತ್ತೆ ಚಿಕ್ಕ ಎಲೆಯೇ ಗೆದ್ದಿತು, ಅದೂ ಕ್ಯಾಮೆರಾ ಮುಂದೆ.

ಟಿವಿ ಅದನ್ನ ಮತ್ತೆ ಮತ್ತೆ ತೋರಿಸಿತು. 2003ರಲ್ಲಿ 839 ಇದ್ದ ಸ್ಪರ್ಧಿಗಳು 2006ಕ್ಕೆ 8,773 ಆದರು. ಆನ್‌ಲೈನ್ ಟೇಬಲ್‌ಗಳಿಗೆ ಬಂದವರಿಗಂತೂ ಲೆಕ್ಕವೇ ಇಲ್ಲ. ಅವರೆಲ್ಲ ಬಂದದ್ದು ಸ್ಕ್ಲಾನ್‌ಸ್ಕಿಯ ಪಟ್ಟಿ ಓದಿ ಅಲ್ಲ, ಟಿವಿ ನೋಡಿ.

ಇಲ್ಲಿ ನನ್ನ ವೃತ್ತಿಯ ತಪ್ಪನ್ನ ನಾನೇ ಒಪ್ಪಿಕೊಳ್ಳಬೇಕು. ಹತ್ತಾರು ಗಂಟೆಯ ಆಟವನ್ನ ಒಂದು ಗಂಟೆಗೆ ಇಳಿಸುವಾಗ ಎಡಿಟರ್ ಕತ್ತರಿಸೋದು ಏನನ್ನ? ಫೋಲ್ಡ್‌ಗಳನ್ನ. ಎಲೆ ನೋಡಿದ, ಎಸೆದ, ನೋಡಿದ, ಎಸೆದ. ಇದನ್ನ ಯಾರು ತೋರಿಸ್ತಾರೆ? ಉಳಿಯೋದು ಬರೀ ದೊಡ್ಡ ಎಲೆ, ದೊಡ್ಡ ಪಣ, ಕಣ್ಣೀರು, ಕುಣಿತ. ಯಾವುದು ಈ ಆಟದ ನಿಜವಾದ ವಿದ್ಯೆಯೋ, ಅದು ಎಡಿಟಿಂಗ್ ಟೇಬಲ್ ಕೆಳಗೆ ಕಸವಾಗಿ ಬಿತ್ತು. ನೋಡಿದ ಜನ ಕಲಿತದ್ದು, ಪೋಕರ್ ಅಂದ್ರೆ ಪ್ರತಿ ಆಟವನ್ನೂ ಆಡೋದು ಅಂತ.

ಅಂಥವರೇ ತುಂಬಿಕೊಂಡದ್ದು ಚಿಕ್ಕ ಪಣದ ಟೇಬಲ್‌ಗಳಲ್ಲಿ. "ಎರಡು ರೂಪಾಯಿ ತಾನೇ, ನೋಡೇಬಿಡೋಣ" ಅಂತ ಎಲ್ಲರೂ ಒಳಗೆ ಬರ್ತಾರೆ. ಯಾರೂ ಎಲೆ ಎಸೆಯೋದಿಲ್ಲ. ಈಗ ನಮ್ಮ ಹುಡುಗನ ಎರಡು ಎಕ್ಕಕ್ಕೆ ವಾಪಸ್ ಬರೋಣ.

ಎರಡು ಎಕ್ಕ ಹಿಡಿದವನ ಎದುರು ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದರೆ, ಕೊನೆಯವರೆಗೆ ಹೋದಾಗ ಎಕ್ಕದವನು ಗೆಲ್ಲೋದು ನೂರರಲ್ಲಿ 85 ಸಲ. ಎದುರು ಮೂವರಿದ್ದರೆ 64. ಐವರಿದ್ದರೆ 49. ಎಂಟು ಜನ ಇದ್ದರೆ ಬರೀ 35. ಎಲೆ ಅದೇ. ಎಕ್ಕ ಎಕ್ಕವೇ. ಆದರೆ ಎದುರಿಗೆ ಜನ ಹೆಚ್ಚಾದಷ್ಟೂ ಯಾರಿಗಾದರೂ ಏನಾದರೂ ಕೂಡಿಬರುವ ಸಾಧ್ಯತೆ ಹೆಚ್ಚುತ್ತೆ.

ಅದಕ್ಕೇ ತಿಳಿದವರು ಹೇಳೋದು: ದೊಡ್ಡ ಎಲೆ ಬಂದಾಗ ಬಚ್ಚಿಟ್ಟುಕೊಂಡು ಕೂರಬೇಡ, ಮೊದಲೇ ಪಣ ಏರಿಸು. ಅರೆಮನಸ್ಸಿನವರು ಹೊರಗೆ ಹೋಗಲಿ, ಉಳಿದವರು ದುಬಾರಿ ಬೆಲೆ ಕೊಟ್ಟು ಉಳಿಯಲಿ. ಚಿಕ್ಕ ಟೇಬಲ್‌ನಲ್ಲಿ ಸುಳ್ಳು ಪಣದ ಬೆದರಿಕೆಗೂ ಬೆಲೆ ಇಲ್ಲ, ಯಾಕಂದ್ರೆ ಅಲ್ಲಿ ಯಾರೂ ಹೆದರಿ ಎಲೆ ಎಸೆಯೋದಿಲ್ಲ. ಒಳ್ಳೆಯ ಎಲೆಗೆ ಒಳ್ಳೆಯ ಬೆಲೆ ವಸೂಲಿ ಮಾಡೋದೊಂದೇ ದಾರಿ. ಇನ್ನೂ ಮುಖ್ಯವಾದ ಪಾಠ: ನಡುವಿನ ಎಲೆ ತೆರೆದ ಮೇಲೆ ಎರಡು ಎಕ್ಕ ಅಂದ್ರೆ ಬರೀ ಒಂದು ಜೋಡಿ. ಅಷ್ಟು ಹೊತ್ತು ಸುಮ್ಮನಿದ್ದವನು ದಿಢೀರ್ ಅಂತ ದೊಡ್ಡ ಪಣ ಹಾಕಿದ ಅಂದ್ರೆ, ಎಕ್ಕವನ್ನೂ ಎಸೆಯುವ ಎದೆಗಾರಿಕೆ ಬೇಕು.

ನಮ್ಮ ಹುಡುಗ ಮಾಡಿದ್ದೇನು? ಎಲ್ಲರೂ ಒಳಗೆ ಬರಲಿ, ಪಣ ದೊಡ್ಡದಾಗಲಿ ಅಂತ ಎಕ್ಕವನ್ನ ಬಚ್ಚಿಟ್ಟ. ಐವರು ಬಂದರು. ನಡುವೆ ಒಂಬತ್ತು, ಎಂಟು, ಮೂರು ಬಿತ್ತು. ಒಂಬತ್ತು–ಎಂಟು ಹಿಡಿದಿದ್ದ ಯಾರೋ ಒಬ್ಬ ಎರಡು ಜೋಡಿ ಮಾಡಿಕೊಂಡು ಇದ್ದ ದುಡ್ಡನ್ನೆಲ್ಲ ಮುಂದಿಟ್ಟ. ಇವನು ಎರಡು ಎಕ್ಕ ಬಿಡಲಾರದೆ ತನ್ನದನ್ನೂ ಹಾಕಿದ. ಮುಗೀತು. ಅವನು ಸೋತದ್ದು ಪವಾಡ ಅಲ್ಲ ಸ್ವಾಮಿ. ಅರ್ಧಕ್ಕರ್ಧ ಆಗಬಹುದಾಗಿದ್ದದ್ದೇ ಆಯ್ತು.

"ಸರಿ, ಹಾಗಾದ್ರೆ ಸರಿಯಾಗಿ ಆಡೋದನ್ನ ಕಲಿತರೆ ಗೆಲ್ಲಬಹುದಲ್ವಾ?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡೋಕೆ 2017ರ ಒಂದು ಪಂದ್ಯ ಸಾಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಲಿಬ್ರಾಟಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿ, ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ಮಹಾನ್ ಆಟಗಾರರ ಎದುರು ಕೂರಿಸಿದರು. ಕಂಪ್ಯೂಟರ್ ಗೆದ್ದಿತು. ಆದರೆ ಗೆದ್ದದ್ದು ಬುದ್ಧಿಯಿಂದಲೋ ಅದೃಷ್ಟದಿಂದಲೋ ಅಂತ ಖಾತ್ರಿ ಮಾಡಿಕೊಳ್ಳೋಕೆ ಅವರು ಎಷ್ಟು ಆಟ ಆಡಿಸಿದರು? 1,20,000 ಆಟ! ಇಪ್ಪತ್ತು ದಿನ! ಅದೂ ಒಂದು ಕಡೆ ಮನುಷ್ಯನಿಗೆ ಬಂದ ಎಲೆಯನ್ನೇ ಇನ್ನೊಂದು ಕಡೆ ಕಂಪ್ಯೂಟರ್‌ಗೆ ಕೊಟ್ಟು, ಅದೃಷ್ಟದ ಪಾಲನ್ನ ಆದಷ್ಟು ಕಡಿಮೆ ಮಾಡಿ. ಹೌದು, ಪೋಕರ್‌ನಲ್ಲಿ ಕೌಶಲ ಇದೆ. ಆದರೆ ಆ ಕೌಶಲ ಮುಖ ತೋರಿಸೋದು ಸಾವಿರಾರು ಆಟ ಕಳೆದ ಮೇಲೆ. ರಾತ್ರಿ ಊಟ ಆದಮೇಲೆ ಇನ್ನೂರು ಆಟ ಆಡಿದವನಿಗೆ ಕಾಣೋದು ಅದೃಷ್ಟದ ಮುಖ ಮಾತ್ರ. ಗೆದ್ದರೆ ನನ್ನ ಬುದ್ಧಿ, ಸೋತರೆ ನನ್ನ ಗ್ರಹಚಾರ ಅನ್ಕೋತಾನೆ.

ಅಷ್ಟರೊಳಗೆ ಇನ್ನೊಬ್ಬ ಸದ್ದಿಲ್ಲದೆ ಗೆಲ್ತಾ ಇರ್ತಾನೆ. ಟೇಬಲ್ ನಡೆಸುವವನು. ಪ್ರತಿ ಪಣದಿಂದ ಅವನಿಗೊಂದು ಪಾಲು. ಚಿಕ್ಕ ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು. ಐದು ರೂಪಾಯಿ ಅಂದ್ರೆ ಏನು ಮಹಾ, ಅಲ್ವಾ? ಒಂದು ಲೆಕ್ಕ ಹಾಕಿ. ಆರು ಜನ, ತಲಾ ಸಾವಿರ ರೂಪಾಯಿ. ಟೇಬಲ್ ಮೇಲೆ ಆರು ಸಾವಿರ. ಗಂಟೆಗೆ 60 ಆಟ, ಸರಾಸರಿ ನೂರು ರೂಪಾಯಿಯ ಪಣ ಅಂದುಕೊಳ್ಳಿ. ಗಂಟೆಗೆ ಮುನ್ನೂರು ರೂಪಾಯಿ ಟೇಬಲ್‌ನಿಂದ ಮಾಯ. ಇಪ್ಪತ್ತು ಗಂಟೆ ಆಡಿದರೆ ಆ ಆರು ಸಾವಿರವೂ ಮಾಲೀಕನ ಜೇಬಲ್ಲಿ. ಆರೂ ಜನ ಒಂದೇ ಸಮ ಜಾಣರಾದರೆ, ಆರೂ ಜನ ಸೋಲ್ತಾರೆ. ಅವನಿಗೆ ಎಕ್ಕ ಬೇಕಿಲ್ಲ, ರಾಜ ಬೇಕಿಲ್ಲ. ಯಾರೂ ಫೋಲ್ಡ್ ಮಾಡದೆ ಆಡ್ತಾ ಇದ್ದರೆ ಸಾಕು.

ಇನ್ನು ಮೋಸದ ಕಥೆ ಬೇರೆ. 2007 ಮತ್ತು 2008ರಲ್ಲಿ ಆಬ್ಸಲ್ಯೂಟ್ ಪೋಕರ್ ಮತ್ತು ಅಲ್ಟಿಮೇಟ್ ಬೆಟ್ ಅನ್ನುವ ಎರಡು ತಾಣಗಳ ಬಣ್ಣ ಬಯಲಾಯ್ತು. ಎಲ್ಲರ ಮುಚ್ಚಿದ ಎಲೆಯನ್ನೂ ನೋಡಬಲ್ಲ ಗುಪ್ತ ಖಾತೆಗಳು ಅಲ್ಲಿದ್ದವು. ಟಿವಿ ವೀಕ್ಷಕನಿಗೆ ಓರೆನ್‌ಸ್ಟೈನ್ ಕೊಟ್ಟ ಕಣ್ಣು ಅಲ್ಲಿ ಎದುರಾಳಿಗೇ ಸಿಕ್ಕಿತ್ತು! 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ತಾಣಗಳ ಮೇಲೆ ಬಿತ್ತು. ಪೋಕರ್ ಲೋಕ ಆ ದಿನವನ್ನ 'ಕರಾಳ ಶುಕ್ರವಾರ' ಅಂತಲೇ ಕರೆಯುತ್ತೆ. ಫುಲ್ ಟಿಲ್ಟ್ ಅನ್ನುವ ತಾಣ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ ಅಂತ ಸರ್ಕಾರ ಕೋರ್ಟಿಗೆ ಹೇಳಿತು. ಎಕ್ಕ ಹಿಡಿದು ಗೆದ್ದವನ ದುಡ್ಡೂ ಅಲ್ಲೇ ಸಿಕ್ಕಿಬಿದ್ದಿತ್ತು.

ನಮ್ಮಲ್ಲಿ ಏನಾಯ್ತು? ನಾವು ವರ್ಷಗಟ್ಟಲೆ ಒಂದೇ ಪ್ರಶ್ನೆ ಹಿಡಿದು ಜಗ್ಗಾಡಿದೆವು. ಇದು ಕೌಶಲವೋ, ಅದೃಷ್ಟವೋ? ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. ಪೋಕರ್ ಜೂಜೇ ಅಂತ 2017ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಅದನ್ನ ರದ್ದು ಮಾಡಿತು. ಕೌಶಲದ ಆಟವನ್ನ ಜೂಜಿನ ಜೊತೆ ಸೇರಿಸಿ ನಿಷೇಧಿಸುವಂತಿಲ್ಲ ಅಂದಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನು ತಂದಿತು. ಕೌಶಲ ಇರಲಿ, ಅದೃಷ್ಟ ಇರಲಿ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಷಿದ್ಧ. ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಂಪನಿಗಳು ಕೋರ್ಟ್ ಮೆಟ್ಟಿಲು ಹತ್ತಿದವು.

ಕೋರ್ಟು ಕಾನೂನಿನ ಮಾತು ಕೋರ್ಟಿಗಿರಲಿ. ನನಗನ್ನಿಸೋದು, ನಾವು ಕೇಳಿದ ಪ್ರಶ್ನೆಯೇ ಅರ್ಧ. ಆಟದಲ್ಲಿ ಕೌಶಲ ಇದೆಯೋ ಇಲ್ಲವೋ ಅಂತ ಕೇಳಿದೆವು. ಆಡುವ ನಮ್ಮ ಹುಡುಗನಲ್ಲಿ ಇದೆಯೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ. ಸಂಗೀತದಲ್ಲಿ ವಿದ್ಯೆ ಇದೆ ಅಂದ ಮಾತ್ರಕ್ಕೆ ನಾನು ಹಾಡುಗಾರ ಆಗ್ತೀನಾ?

ಕಾನೂನು ಬಂದ ಕೆಲವೇ ದಿನಕ್ಕೆ ಅದೇ ಹುಡುಗ ಕ್ಯಾಂಟೀನಿನಲ್ಲಿ ಸಿಕ್ಕಿದ. "ಆ್ಯಪ್ ನಿಂತೋಯ್ತು ಸಾರ್. ಬಾಕಿ ಇದ್ದ ಮುನ್ನೂರ ನಲವತ್ತು ವಾಪಸ್ ಬಂತು" ಅಂದ. ಹಾಕಿದ್ದು ಎಷ್ಟು ಅಂತ ಮತ್ತೆ ಕೇಳಿದೆ. ಈ ಸಲ ಹೇಳಿದ. ನಲವತ್ತೆರಡು ಸಾವಿರ. ಅವನ ಎರಡು ತಿಂಗಳ ಸಂಬಳದ ಹತ್ತಿರ. ಎಲ್ಲ ಹೋದದ್ದು ಇನ್ನೂರು, ಮುನ್ನೂರು ಅಂತ, ಚಿಕ್ಕ ಟೇಬಲ್‌ಗಳಲ್ಲೇ.

"ದಿನಾ ನೀನು ಗಂಟೆಗಟ್ಟಲೆ ಫುಟೇಜ್ ಕತ್ತರಿಸಿ ಎರಡು ನಿಮಿಷಕ್ಕೆ ಇಳಿಸ್ತೀಯ. ಆ ಪೋಕರ್ ವಿಡಿಯೋಗಳಲ್ಲಿ ಏನು ಕತ್ತರಿಸಿದ್ದಾರೆ ಅಂತ ನಿನಗೆ ಯಾವತ್ತೂ ಅನುಮಾನ ಬರಲಿಲ್ವಾ?" ಅಂದೆ.

ಅವನು ಕಾಫಿ ಲೋಟ ಕೆಳಗಿಟ್ಟ. "ಎಸೆಯೋದನ್ನ ಯಾರು ಸಾರ್ ನೋಡ್ತಾರೆ?" ಅಂದ.

ನೋಡಬೇಕಿತ್ತು. ನಾವು ತೋರಿಸಬೇಕಿತ್ತು. ಈ ಬಾಗಿಲು ಮುಚ್ಚಿದರೆ ನಾಳೆ ಇನ್ನೊಂದು ಹೆಸರಲ್ಲಿ ಇನ್ನೊಂದು ತೆರೆಯುತ್ತೆ. ಆಗಲೂ ನಿಮ್ಮ ಮನೆಯ ಹುಡುಗನಿಗೆ ಒಂದು ರಾತ್ರಿ ಎರಡು ಎಕ್ಕ ಬಂದೇ ಬರುತ್ತೆ. ಒಳ್ಳೆಯ ಎಲೆ ಬಂದಿದೆ ಅಂತ ಹೇಳೋಕೆ ಅವನ ಮೊಬೈಲ್ ಇದೆ. ಎಸೆದು ಎದ್ದು ಬಾರಪ್ಪ ಅಂತ ಹೇಳೋಕೆ ನೀವೇ ಇರಬೇಕು.